ಓಡುವ ತಂಡ ಚೆಂಡು ಎಸೆಯುವುದು ಯಾವಾಗ?

ಈ ಸಲದ ಮಾತು ಹಬ್ಬದ ಬಗ್ಗೆ ಅಲ್ಲ, ಗಾದೆ ಒಗಟುಗಳ ಬಗ್ಗೆಯೂ ಅಲ್ಲ. ಅಮೆರಿಕನ್ ಫುಟ್‌ಬಾಲ್ ಬಗ್ಗೆ. ಇಲ್ಲಿ ನೀವೆಲ್ಲ ಗ್ರಿಡೈರನ್ ಅನ್ನುತ್ತೀರಲ್ಲ, ಅದೇ. "ಕನ್ನಡ ಎಂ.ಎ. ಮಾಡಿದ ಆಂಟಿಗೆ ಇದೆಲ್ಲ ಯಾಕೆ ಬೇಕು?" ಅಂತ ನಗಬೇಡಿ, ಕಾರಣ ಇದೆ.

ಹೋದ ರಾಜ್ಯೋತ್ಸವದ ಕಾರ್ಯಕ್ರಮದ ಬೆಳಿಗ್ಗೆ ಸಭಾಂಗಣದಲ್ಲಿ ಕುರ್ಚಿ ಜೋಡಿಸುತ್ತಿದ್ದೆವು. ನನ್ನ ಜೊತೆ ಕೈ ಹಾಕಿದ್ದವನು ಒಬ್ಬ ಹುಡುಗ. ಆರೇಳು ವರ್ಷದವನಿದ್ದಾಗ ನನ್ನ ಹತ್ತಿರವೇ ಅ ಆ ಇ ಈ ಬರೆಯಲು ಕಲಿತವನು, ಈಗ ಯೂನಿವರ್ಸಿಟಿಯಲ್ಲಿದ್ದಾನೆ. ಸಿಡ್ನಿಯ ಒಂದು ಕ್ಲಬ್‌ನಲ್ಲಿ ಗ್ರಿಡೈರನ್ ಆಡುತ್ತಾನೆ. ಅವನದು ವೈಡ್ ರಿಸೀವರ್ ಜಾಗ, ಅಂದರೆ ದೂರಕ್ಕೆ ಓಡಿ ಎಸೆದ ಚೆಂಡನ್ನು ಹಿಡಿಯುವವನು. "ಆಂಟಿ, ಐದು ಮ್ಯಾಚ್ ಆಯ್ತು. ನನ್ನ ಕಡೆ ಬಂದ ಚೆಂಡು ನಾಲ್ಕೇ ನಾಲ್ಕು. ಟೀಮ್ ಗೆಲ್ತಾ ಇದೆ, ಬರೀ ಓಡಿಯೇ ಗೆಲ್ತಾ ಇದೆ. ನಾನು ಸುಮ್ನೆ ಆ ಕಡೆ ಓಡಿ ವಾಪಸ್ ಬರ್ತೀನಿ. ಬಿಟ್ಟುಬಿಡೋಣ ಅನ್ಸುತ್ತೆ" ಅಂದ. ನಾನು "ಕೋಚ್‌ನ ಕೇಳಪ್ಪ" ಅಂದುಬಿಟ್ಟೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮನೆಯಲ್ಲಿ ಎನ್‌ಎಫ್‌ಎಲ್ ಹುಚ್ಚು ಹತ್ತಿಸಿಕೊಂಡ ಮಗನ ಪಕ್ಕದಲ್ಲಿ ಕೂತು ಎರಡು ಮೂರು ಸೀಸನ್ ನೋಡಿದ್ದೇನೆ. ಕೇಳಿ, ಓದಿ, ತಿಳಿದದ್ದನ್ನು ಈಗ ಹೇಳುತ್ತೇನೆ. ಅವನಿಗೆ ಮಾತ್ರ ಅಲ್ಲ, ಅವನ ಹಾಗೆ ಕಾಯುತ್ತಾ ನಿಂತಿರುವ ಎಲ್ಲರಿಗೂ.

ಮೊದಲು ಆಟದ ಲೆಕ್ಕ. ಸಿಡ್ನಿಯವರಿಗೆ ರಗ್ಬಿ ಲೀಗ್ ಗೊತ್ತು. ಅಲ್ಲಿ ಆರು ಟ್ಯಾಕಲ್ ಇರುತ್ತದೆ. ಇಲ್ಲಿ ನಾಲ್ಕು ಡೌನ್, ಅಂದರೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್, ಹೆಚ್ಚುಕಡಿಮೆ ಒಂಬತ್ತು ಮೀಟರ್, ಮುಂದೆ ಹೋದರೆ ಮತ್ತೆ ಹೊಸದಾಗಿ ನಾಲ್ಕು ಸಿಗುತ್ತವೆ. ನಾಲ್ಕನೆಯದನ್ನು ಸಾಮಾನ್ಯವಾಗಿ ಒದ್ದು ಎದುರಾಳಿಗೆ ಕೊಡುತ್ತಾರೆ. ಹಾಗಾಗಿ ಕೈಯಲ್ಲಿರುವುದು ನಿಜವಾಗಿ ಮೂರು. ಲೀಗ್‌ನಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದು ತಪ್ಪು. ಮೆಲ್ಬರ್ನ್‌ನ ಫೂಟಿಯಲ್ಲಿ ಒದೆಯಬಹುದು, ಮುಷ್ಟಿಯಿಂದ ಹೊಡೆಯಬಹುದು, ಎಸೆಯುವ ಹಾಗಿಲ್ಲ. ಗ್ರಿಡೈರನ್‌ನಲ್ಲಿ ಪ್ರತಿ ಆಟಕ್ಕೆ ಒಂದು ಸಲ, ಗೆರೆಯ ಹಿಂದೆ ನಿಂತು, ಮುಂದಕ್ಕೆ ಎಸೆಯಬಹುದು. ಈ ನಿಯಮವೂ ಮೊದಲಿನಿಂದ ಇದ್ದದ್ದಲ್ಲ. ನೂರಾರು ಕೆಜಿ ಮೈಗಳು ಗುಂಪುಗೂಡಿ ಗುದ್ದಾಡಿ ಹುಡುಗರು ಸಾಯುತ್ತಿದ್ದ ಕಾಲ ಅದು. 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಕಾಲೇಜಿನವರನ್ನು ಕರೆಸಿ ಮಾತಾಡಿದರು. 1906ರಲ್ಲಿ ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಮೈದಾನ ಹರಡಲಿ, ಗುಂಪು ಚದುರಲಿ ಅನ್ನುವುದು ಉದ್ದೇಶ. ಇದನ್ನು ನೆನಪಿಟ್ಟುಕೊಳ್ಳಿ. ಎಸೆತ ಹುಟ್ಟಿದ್ದೇ ಗುಂಪನ್ನು ಚದುರಿಸುವುದಕ್ಕೆ.

ಹಾಗಿದ್ದರೂ ಕೋಚ್‌ಗಳಿಗೆ ಓಟವೇ ಇಷ್ಟ ಯಾಕೆ? ಎಸೆದರೆ ಮೂರು ಆಗಬಹುದು, ಅದರಲ್ಲಿ ಎರಡು ಕೆಟ್ಟದ್ದು ಅಂತ ಅಲ್ಲಿ ಹಳೆಯ ಮಾತೊಂದಿದೆ. ನಮ್ಮವನು ಹಿಡಿಯಬಹುದು, ಯಾರೂ ಹಿಡಿಯದೆ ನೆಲಕ್ಕೆ ಬೀಳಬಹುದು, ಎದುರಾಳಿಯೇ ಹಿಡಿಯಬಹುದು. ಓಟದಲ್ಲಿ ಅಷ್ಟು ಅಪಾಯವಿಲ್ಲ. ಗಡಿಯಾರವೂ ಓಟಗಾರನ ಪರ. ಎಸೆತ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಓಡಿ ಮೈದಾನದೊಳಗೆ ಬಿದ್ದರೆ ನಡೆಯುತ್ತಲೇ ಇರುತ್ತದೆ. ಮುಂದಿರುವ ತಂಡಕ್ಕೆ ಬೇಕಾಗಿರುವುದೇ ಅದು. ಅದಕ್ಕೇ "ಹೆಚ್ಚು ಓಡಿದ ತಂಡ ಗೆಲ್ಲುತ್ತದೆ" ಅನ್ನುವ ಲೆಕ್ಕವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಎಷ್ಟೋ ಸಲ ಗೆಲ್ಲುತ್ತಿರುವುದರಿಂದ ಓಡುತ್ತಾರೆ, ಓಡಿದ್ದರಿಂದ ಗೆದ್ದದ್ದಲ್ಲ. ಇನ್ನು ವಾರಕ್ಕೆ ಎರಡು ಸಂಜೆ ಅಭ್ಯಾಸ ಮಾಡುವ ನಮ್ಮ ಕ್ಲಬ್‌ಗಳಿಗೆ ಓಟ ಕಲಿಸುವುದು ಸುಲಭ. ಎಸೆಯುವವನು, ಹಿಡಿಯುವವನು, ಅಷ್ಟು ಹೊತ್ತು ತಡೆದು ನಿಲ್ಲುವ ಐವರು, ಇವರೆಲ್ಲರ ತಾಳ ಕೂಡುವುದಕ್ಕೆ ಸಮಯ ಬೇಕು.

ಈಗ ಎದುರಾಳಿಯ ಕಡೆಯಿಂದ ನೋಡಿ. ನೀವು ಓಡುವ ತಂಡ ಅಂತ ಅವನಿಗೆ ಗೊತ್ತಾಗಿದೆ. ನಿಮ್ಮ ಮುಂದಿನ ಸಾಲಿನಲ್ಲಿ ಐವರು ಲೈನ್‌ಮನ್, ಪಕ್ಕದಲ್ಲಿ ಒಬ್ಬ ಟೈಟ್ ಎಂಡ್, ಒಟ್ಟು ಆರು ಜನ ದಾರಿ ಬಿಡಿಸುವವರು. ಅವನು ಅಲ್ಲಿ ಏಳು ಜನ ನಿಲ್ಲಿಸಿದರೆ ಓಟಗಾರ ಒಬ್ಬನನ್ನು ತಾನೇ ತಪ್ಪಿಸಿಕೊಳ್ಳಬೇಕು. ಒಳ್ಳೆಯ ಓಟಗಾರ ತಪ್ಪಿಸಿಕೊಳ್ಳುತ್ತಾನೆ. ಆಗ ಅವನು ಹಿಂದೆ ಕಾಯುತ್ತಿದ್ದ ಸೇಫ್ಟಿಯನ್ನೂ ಮುಂದೆ ಕರೆದು ಎಂಟು ಮಾಡುತ್ತಾನೆ. ಈಗ ಎಷ್ಟೇ ಬಲವಿದ್ದರೂ ಓಟ ಉಸಿರುಗಟ್ಟುತ್ತದೆ. ಆದರೆ ಆ ಎಂಟನೆಯವನು ಎಲ್ಲಿಂದ ಬಂದ? ಹಿಂದಿನಿಂದ. ಅಲ್ಲಿ ಈಗ ನಮ್ಮ ಹುಡುಗನ ಎದುರಿಗೆ ಒಬ್ಬನೇ ಇದ್ದಾನೆ, ಅವನ ಹಿಂದೆ ಬಯಲು. ಎಸೆತ ಹೋಗಬೇಕಾದ ಜಾಗ ಅದು, ಹೋಗಬೇಕಾದ ಗಳಿಗೆಯೂ ಅದೇ.

ತುಂಬ ಜನ ಇಲ್ಲೇ ಎಡವುತ್ತಾರೆ. ಸಮತೋಲನ ಅಂದರೆ ಅರ್ಧ ಓಟ, ಅರ್ಧ ಎಸೆತ ಅಂದುಕೊಳ್ಳುತ್ತಾರೆ. ಹಾಗಲ್ಲ. ಹುಳಿಯಲ್ಲಿ ಬೇಳೆ ಎಷ್ಟೋ ಹುಣಸೆಯೂ ಅಷ್ಟೇ ಹಾಕಿದರೆ ಬಾಯಿಗಿಡಲಾದೀತೇ? ಹುಣಸೆ ಸ್ವಲ್ಪವೇ, ಆದರೆ ಇಲ್ಲದಿದ್ದರೆ ಅದು ಹುಳಿಯೇ ಅಲ್ಲ. ಓಡುವ ತಂಡದಲ್ಲಿ ಎಸೆತ ಎಷ್ಟು ಅನ್ನುವುದಕ್ಕಿಂತ ಯಾವಾಗ, ಹೇಗೆ ಅನ್ನುವುದು ದೊಡ್ಡದು.

ಯಾವಾಗ ಅನ್ನುವುದಕ್ಕೆ ನಮ್ಮಲ್ಲಿ ಒಂದು ಗಾದೆಯಿದೆ, ಸಂಕಟ ಬಂದಾಗ ವೆಂಕಟರಮಣ. ಓಡುವ ತಂಡಗಳ ಎಸೆತ ಬಹಳ ಸಲ ಹೀಗೇ. ಮೊದಲ ಡೌನ್ ಓಡಿದರು, ಒಂದು ಯಾರ್ಡ್. ಎರಡನೆಯದೂ ಓಡಿದರು, ಏನೂ ಸಿಗಲಿಲ್ಲ. ಮೂರನೆಯದಕ್ಕೆ ಇನ್ನೂ ಒಂಬತ್ತು ಬೇಕು. ಈಗ ಎಸೆಯಲೇಬೇಕು. ಅದು ನಮಗೆ ಗೊತ್ತು, ಎದುರಾಳಿಗೆ ಗೊತ್ತು, ಬೇಲಿಯಾಚೆ ನಾಯಿ ಹಿಡಿದು ವಾಕಿಂಗ್ ಹೋಗುವವರಿಗೂ ಗೊತ್ತು. ಅವರ ವೇಗದ ಹುಡುಗರು ಎಸೆಯುವವನ ಮೇಲೆ ನುಗ್ಗುತ್ತಾರೆ, ಚೆಂಡು ಎಲ್ಲೋ ಹೋಗುತ್ತದೆ. ಆಮೇಲೆ ಕೋಚ್ "ನೋಡಿ, ನಮಗೆ ಎಸೆತ ಬರುವುದಿಲ್ಲ" ಅನ್ನುತ್ತಾರೆ. ಅತಿ ಕಷ್ಟದ ಗಳಿಗೆಯಲ್ಲಿ ಮಾತ್ರ ಪರೀಕ್ಷೆ ಕೊಟ್ಟು, ಫೇಲ್ ಆದ ಅನ್ನುವುದು ಯಾವ ನ್ಯಾಯ?

ಎಸೆಯಬೇಕಾದದ್ದು ಅವರು ಓಟವನ್ನು ಕಾಯುತ್ತಿರುವಾಗ, ಅಂದರೆ ಮೊದಲ ಡೌನ್‌ನಲ್ಲಿ. ಇಲ್ಲವೇ ಎರಡನೆಯ ಡೌನ್‌ನಲ್ಲಿ ಎರಡೇ ಯಾರ್ಡ್ ಬೇಕಿರುವಾಗ. ಆಗ ದೂರಕ್ಕೆ ಎಸೆದು ತಪ್ಪಿದರೂ ನಷ್ಟವಿಲ್ಲ, ಮೂರನೆಯದರಲ್ಲಿ ಆ ಎರಡು ಯಾರ್ಡ್ ಓಡಿ ತೆಗೆದುಕೊಳ್ಳಬಹುದು. ಓಡುವುದು ಚೆನ್ನಾಗಿ ಬರುವ ತಂಡಕ್ಕೆ ಇಂಥ ಪುಕ್ಕಟೆ ಅವಕಾಶಗಳು ಬೇರೆಯವರಿಗಿಂತ ಹೆಚ್ಚು ಸಿಗುತ್ತವೆ. ಬಳಸದೇ ಬಿಡುವುದು ಜೇಬಿನಲ್ಲಿ ದುಡ್ಡಿಟ್ಟುಕೊಂಡು ಉಪವಾಸ ಮಲಗಿದ ಹಾಗೆ.

ಹೇಗೆ ಅನ್ನುವುದು ಇನ್ನೂ ರುಚಿಯ ವಿಷಯ. ಓಟದ ಆಟದಲ್ಲಿ ಲೈನ್‌ಮನ್ ತಲೆ ತಗ್ಗಿಸಿ ಮುಂದಕ್ಕೆ ನುಗ್ಗುತ್ತಾನೆ. ಎಸೆತದ ಆಟದಲ್ಲಿ ತಲೆ ಎತ್ತಿ, ಹಿಂದಕ್ಕೆ ಹೆಜ್ಜೆಯಿಟ್ಟು, ಬರುವವನನ್ನು ತಡೆಯುತ್ತಾನೆ. ಎದುರಿನ ಲೈನ್‌ಬ್ಯಾಕರ್ ಚೆಂಡನ್ನು ನೋಡುವುದಕ್ಕಿಂತ ಹೆಚ್ಚಾಗಿ ಈ ತಲೆಗಳನ್ನೇ ನೋಡುತ್ತಿರುತ್ತಾನೆ. ತಲೆ ತಗ್ಗಿದರೆ ಮುಂದೆ ಓಡುತ್ತಾನೆ, ಎತ್ತಿದರೆ ಹಿಂದೆ ಸರಿಯುತ್ತಾನೆ. ಪ್ಲೇ ಆಕ್ಷನ್ ಅನ್ನುವುದು ಈ ಕಣ್ಣಿಗೆ ಹಾಕುವ ಮಂಕುಬೂದಿ. ಕ್ವಾರ್ಟರ್‌ಬ್ಯಾಕ್ ಓಟಗಾರನ ಹೊಟ್ಟೆಗೆ ಚೆಂಡು ಕೊಟ್ಟ ಹಾಗೆ ಮಾಡಿ ಕೊಡುವುದಿಲ್ಲ. ಲೈನ್‌ಮನ್‌ಗಳು ಮೊದಲ ಹೆಜ್ಜೆಯನ್ನು ಓಟದ ಹಾಗೆಯೇ ಇಡುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಎಸೆತದ ವೇಳೆ ಅವರು ಗೆರೆಯಿಂದ ಒಂದು ಯಾರ್ಡ್‌ಗಿಂತ ಮುಂದೆ ಹೋಗುವಂತಿಲ್ಲ, ಆದ್ದರಿಂದ ನಟನೆ ಆ ಒಂದು ಯಾರ್ಡ್ ಒಳಗೇ ಮುಗಿಯಬೇಕು. ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಅವನು ಬಿಟ್ಟ ಜಾಗಕ್ಕೆ ನಮ್ಮ ಹುಡುಗ ಓರೆಯಾಗಿ ಓಡಿ ಬರುತ್ತಾನೆ. ಕೈಗೆ ಚೆಂಡು.

ಮೊದಲು ಹತ್ತು ಸಲ ಓಡಿ ತೋರಿಸಿದರೆ ಮಾತ್ರ ಈ ಮೋಸ ನಡೆಯುತ್ತದೆ ಅಂತ ನಾನೂ ನಂಬಿದ್ದೆ. ಆದರೆ ಎನ್‌ಎಫ್‌ಎಲ್ ಅಂಕಿಅಂಶಗಳನ್ನು ಜಾಲಾಡಿದವರು ಹಾಗೇನಿಲ್ಲ ಅನ್ನುತ್ತಾರೆ. ಅಂದಿನ ಓಟ ಅಷ್ಟೇನೂ ಚೆನ್ನಾಗಿ ನಡೆಯದಿದ್ದರೂ ಪ್ಲೇ ಆಕ್ಷನ್ ಫಲ ಕೊಡುತ್ತದೆಯಂತೆ. ಯಾಕೆಂದರೆ ಲೈನ್‌ಬ್ಯಾಕರ್‌ಗೆ ಲೆಕ್ಕ ಹಾಕುತ್ತಾ ಕೂರುವ ಹೊತ್ತಿಲ್ಲ. ಓಟದ ಲಕ್ಷಣ ಕಂಡರೆ ಕಾಲು ತಾನಾಗಿಯೇ ಮುಂದೆ ಹೋಗುತ್ತದೆ, ಅವನನ್ನು ತಯಾರು ಮಾಡಿರುವುದೇ ಹಾಗೆ. ಹಾಗಾಗಿ "ಮೊದಲು ಓಟ ಗಟ್ಟಿಯಾಗಲಿ, ದ್ವಿತೀಯಾರ್ಧದಲ್ಲಿ ಎಸೆಯೋಣ" ಎಂದು ಕಾಯಬೇಕಾಗಿಲ್ಲ.

ಇದಕ್ಕೆಲ್ಲ ನಮ್ಮೂರಿನದೇ ಒಂದು ಉದಾಹರಣೆ ಇದೆ. ನಮ್ಮೂರು ಅಂದರೆ ಸಿಡ್ನಿ. ಬ್ಯಾಂಕ್ಸ್‌ಟೌನ್‌ನಲ್ಲಿ ಹುಟ್ಟಿದ ಜೋರ್ಡನ್ ಮೈಲಾಟಾ, ಸಮೋವಾದಿಂದ ಬಂದ ಕುಟುಂಬದ ಹುಡುಗ, ಅಂದರೆ ನಿಮ್ಮ ಹಾಗೆಯೇ ಎರಡನೆಯ ತಲೆಮಾರು. ಎರಡು ಮೀಟರ್ ದಾಟುವ ಎತ್ತರ. ಸೌತ್ ಸಿಡ್ನಿ ಕಿರಿಯರ ತಂಡದಲ್ಲಿ ರಗ್ಬಿ ಲೀಗ್ ಆಡುತ್ತಿದ್ದ. 2018ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಅವನನ್ನು 233ನೆಯ ಆಯ್ಕೆಯಾಗಿ ತೆಗೆದುಕೊಂಡಾಗ ಅವನು ಅಮೆರಿಕನ್ ಫುಟ್‌ಬಾಲ್‌ನ ಒಂದೇ ಒಂದು ಪಂದ್ಯ ಆಡಿರಲಿಲ್ಲ. ಈಗ ಆ ತಂಡದ ಲೆಫ್ಟ್ ಟ್ಯಾಕಲ್, ಎಸೆಯುವವನ ಎಡಗಡೆ ಕಾಯುವ ಗೋಡೆ. ಮುಂದೆ ನುಗ್ಗುವುದು ಲೀಗ್ ಆಡಿದವನಿಗೆ ರಕ್ತದಲ್ಲೇ ಇರುತ್ತದೆ. ಹಿಂದೆ ಹೆಜ್ಜೆಯಿಡುತ್ತಾ ತಡೆಯುವುದನ್ನು ಅವನು ಮೊದಲಿನಿಂದ ಕಲಿಯಬೇಕಾಯಿತು. (ಚೆನ್ನಾಗಿ ಹಾಡುತ್ತಾನೆ ಕೂಡ, ಕ್ರಿಸ್‌ಮಸ್ ಹಾಡುಗಳ ಆಲ್ಬಮ್ ಇದೆ. ನಮ್ಮ ಸುಗಮ ಸಂಗೀತದ ಗುಂಪಿಗೆ ಒಬ್ಬ ಇಂಥವನು ಸಿಕ್ಕಿದ್ದರೆ!)

2024ರ ಸೀಸನ್‌ನಲ್ಲಿ ಈಗಲ್ಸ್‌ಗೆ ಸೇಕ್ವಾನ್ ಬಾರ್ಕ್ಲಿ ಬಂದ. ಇಂಥ ಗೋಡೆಯ ಹಿಂದೆ ಅಂಥ ಓಟಗಾರ. ಅವನೊಬ್ಬನೇ 2,005 ಯಾರ್ಡ್ ಓಡಿದ. ಒಂದು ಸೀಸನ್‌ನಲ್ಲಿ 2,000 ದಾಟಿದವರು ಲೀಗ್‌ನ ಇತಿಹಾಸದಲ್ಲಿ ಅವನೂ ಸೇರಿ ಒಂಬತ್ತೇ ಜನ. ತಂಡ 621 ಸಲ ಓಡಿತು, 448 ಸಲ ಎಸೆಯಿತು. ಲೀಗ್‌ನಲ್ಲೇ ಅತಿ ಹೆಚ್ಚು ಓಟ, ಅತಿ ಕಡಿಮೆ ಎಸೆತ. ಅದೇ ತಂಡದಲ್ಲಿ ಎ.ಜೆ. ಬ್ರೌನ್, ಡೆವಾಂಟಾ ಸ್ಮಿತ್ ಎಂಬ ಇಬ್ಬರು ಬಹಳ ದೊಡ್ಡ ರಿಸೀವರ್‌ಗಳಿದ್ದರು. ಅಂದರೆ ನಮ್ಮ ಹುಡುಗನ ಗೋಳು ಕೋಟಿ ಕೋಟಿ ಡಾಲರ್ ಸಂಬಳದವರಿಗೂ ಇತ್ತು.

2024ರ ಡಿಸೆಂಬರ್ 8ರಂದು ಕ್ಯಾರೊಲೈನಾ ವಿರುದ್ಧ ಈಗಲ್ಸ್ 22-16ರಿಂದ ಹೇಗೋ ಗೆದ್ದರು. ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಎಸೆದು ಗಳಿಸಿದ್ದು 108 ಯಾರ್ಡ್ ಮಾತ್ರ. ಪಂದ್ಯದ ನಂತರ ತಂಡ ಯಾವುದರಲ್ಲಿ ಸುಧಾರಿಸಬೇಕು ಅಂತ ಬ್ರೌನ್‌ನನ್ನು ಕೇಳಿದರು. ಎಸೆತದಲ್ಲಿ ಅಂತ ಒಂದೇ ಪದದಲ್ಲಿ ಹೇಳಿ ಮುಗಿಸಿದ. ಗೆಲ್ಲುತ್ತಿರುವ ತಂಡದಲ್ಲಿ ಹಾಗೆ ಹೇಳುವುದು ಸುಲಭವಲ್ಲ. ಸ್ವಾರ್ಥಿ ಅಂದವರೂ ಇದ್ದರು, ವಾರವಿಡೀ ಅದೇ ಸುದ್ದಿ. ನನ್ನ ಪ್ರಕಾರ ಅವನು ಹೇಳಿದ್ದು ಸರಿ. ಮರುವಾರ ಪಿಟ್ಸ್‌ಬರ್ಗ್ ತಂಡದವರು ಬಾರ್ಕ್ಲಿಯನ್ನು 65 ಯಾರ್ಡ್‌ಗೆ ಕಟ್ಟಿಹಾಕಿದರು. ಹರ್ಟ್ಸ್ 290 ಯಾರ್ಡ್ ಎಸೆದ. ಬ್ರೌನ್ 110, ಸ್ಮಿತ್ 109. 27-13ರಿಂದ ಗೆದ್ದರು.

ಆಮೇಲೆ ನಾಕ್‌ಔಟ್ ಪಂದ್ಯಗಳಲ್ಲಿ ಮತ್ತೆ ಓಟ. ಜನವರಿಯ ಹಿಮದಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ವಿರುದ್ಧ ಬಾರ್ಕ್ಲಿ ಒಬ್ಬನೇ 205 ಯಾರ್ಡ್ ಓಡಿದ. ಕೊನೆಗೆ ಸೂಪರ್ ಬೌಲ್. ನಮಗಿಲ್ಲಿ ಸೋಮವಾರ ಬೆಳಿಗ್ಗೆ ಹತ್ತೂವರೆ, 2025ರ ಫೆಬ್ರವರಿ 10. ಶಾಲೆ, ಆಫೀಸು ಎಲ್ಲ ಇದ್ದ ದಿನ. ಎಷ್ಟು ಜನಕ್ಕೆ ಅವತ್ತು ಇದ್ದಕ್ಕಿದ್ದ ಹಾಗೆ ಹೊಟ್ಟೆನೋವು ಬಂತೋ, ಅಮ್ಮಂದಿರಿಗೇ ಗೊತ್ತು. ಕ್ಯಾನ್ಸಸ್ ಸಿಟಿ ಬಾರ್ಕ್ಲಿಯನ್ನು ಬಿಡಲೇ ಇಲ್ಲ. 25 ಸಲ ಓಡಿ 57 ಯಾರ್ಡ್, ಸಲಕ್ಕೆ ಎರಡೂ ಚಿಲ್ಲರೆ. ಇಡೀ ವರ್ಷ ಓಡಿಯೇ ಬದುಕಿದ ತಂಡದ ಓಟ ಅಂದೇ ನಿಂತುಹೋಯಿತು. ಆದರೂ ಈಗಲ್ಸ್ 40-22ರಿಂದ ಗೆದ್ದರು. ರಕ್ಷಣಾ ಆಟಗಾರರ ಪಾಲು ಅದರಲ್ಲಿ ದೊಡ್ಡದು, ಅದನ್ನು ಮರೆಯಬಾರದು. ಆದರೆ ಹರ್ಟ್ಸ್ 22 ಎಸೆತಗಳಲ್ಲಿ 17 ಮುಟ್ಟಿಸಿ 221 ಯಾರ್ಡ್ ಗಳಿಸಿದ. ಒಂದು ಟಚ್‌ಡೌನ್ ಬ್ರೌನ್‌ಗೆ, 46 ಯಾರ್ಡ್ ದೂರದ ಇನ್ನೊಂದು ಸ್ಮಿತ್‌ಗೆ. ತಾನೇ ಓಡಿ 72 ಯಾರ್ಡ್ ಸೇರಿಸಿದ, ಪಂದ್ಯದ ಅತ್ಯುತ್ತಮ ಆಟಗಾರನಾದ. ಕ್ವಾರ್ಟರ್‌ಬ್ಯಾಕ್ ತಾನೇ ಓಡಬಲ್ಲವನಾದರೆ ಮೊದಲು ಹೇಳಿದ ಆರು-ಏಳರ ಲೆಕ್ಕ ಸರಿಸಮ ಆಗುತ್ತದೆ, ಗಮನಿಸಿ.

ಡಿಸೆಂಬರ್‌ನಲ್ಲಿ ಆ ಮಾತು ಬಾರದೆ, ಪಿಟ್ಸ್‌ಬರ್ಗ್ ಎದುರು ಎಸೆದು ನೋಡದೆ ಇದ್ದಿದ್ದರೆ ಫೆಬ್ರವರಿಯಲ್ಲಿ ಏನಾಗುತ್ತಿತ್ತೋ. ಇಡೀ ಸೀಸನ್ ಅಡುಗೆಮನೆ ಕಡೆ ತಲೆ ಹಾಕದವನಿಗೆ ಮದುವೆ ದಿನ ಸೌಟು ಕೊಟ್ಟರೆ ಅಡುಗೆಯಾಗುವುದಿಲ್ಲ.

ಈಗ ನಮ್ಮ ಹುಡುಗನ ಮಾತಿಗೆ ಬರೋಣ. "ಸುಮ್ನೆ ಓಡಿ ವಾಪಸ್ ಬರ್ತೀನಿ" ಅಂದೆಯಲ್ಲಪ್ಪ, ಅದು ಸುಮ್ಮನೆ ಅಲ್ಲ. ನೀನು ಆ ಕಡೆ ಓಡಿದಾಗ ನಿನ್ನ ಜೊತೆ ಒಬ್ಬ ಕಾರ್ನರ್‌ಬ್ಯಾಕ್ ಬರುತ್ತಾನೆ. ಅವನು ಮಧ್ಯದ ಗುಂಪಿಗೆ ಸೇರಲಾರ. ನೀನು ಅವನನ್ನು ಕೈಯಿಟ್ಟು ತಡೆದರೆ ನಿಮ್ಮ ಓಟಗಾರನ ಹತ್ತು ಯಾರ್ಡ್ ಅರವತ್ತು ಆಗುತ್ತದೆ. ಬಾರ್ಕ್ಲಿಯ ಉದ್ದುದ್ದದ ಓಟಗಳನ್ನು ಯೂಟ್ಯೂಬ್‌ನಲ್ಲಿ ಇನ್ನೊಮ್ಮೆ ನೋಡು. ಚೆಂಡನ್ನು ಬಿಟ್ಟು ರಿಸೀವರ್‌ಗಳನ್ನು ಮಾತ್ರ ನೋಡು. ಆದರೆ ಒಂದು ಷರತ್ತು. ನಿನಗೆ ಚೆಂಡು ಬರುವುದೇ ಇಲ್ಲ ಅಂತ ಆ ಕಾರ್ನರ್‌ಬ್ಯಾಕ್‌ಗೆ ಗೊತ್ತಾದ ದಿನ ಅವನು ನಿನ್ನನ್ನು ಬಿಟ್ಟು ಓಟಗಾರನ ಕಡೆ ಹೋಗುತ್ತಾನೆ. ಅದಕ್ಕೇ ನಿನ್ನ ಕಡೆ ಆಗಾಗ ಚೆಂಡು ಬರಲೇಬೇಕು. ನಿನ್ನ ಮನಸ್ಸು ಸಮಾಧಾನ ಆಗಲಿ ಅಂತ ಅಲ್ಲ, ಓಟ ಉಳಿಯಲಿ ಅಂತ. ಕೋಚ್ ಹತ್ತಿರ ಹೋದಾಗ "ನನಗೆ ಚೆಂಡು ಕೊಡಿ" ಅನ್ನಬೇಡ. "ಅವರ ಸೇಫ್ಟಿ ಮುಂದೆ ಬಂದು ನಿಲ್ಲುತ್ತಿದ್ದಾನೆ, ನನ್ನ ಮೇಲಿರುವವನು ನನ್ನ ಕಡೆ ನೋಡುತ್ತಲೇ ಇಲ್ಲ" ಅನ್ನು. ಆ ಮಾತನ್ನು ಯಾವ ಕೋಚ್ ಕೂಡ ತಳ್ಳಿಹಾಕುವುದಿಲ್ಲ.

ಕೋಚ್‌ಗಳಿಗೂ ಒಂದು ಮಾತು, ಕೇಳುವವರಿದ್ದರೆ. ಇಪ್ಪತ್ತು ಎಸೆತ ಕಲಿಸಬೇಡಿ, ನಾಲ್ಕು ಸಾಕು. ಓಟದ ಆಟ ಶುರುವಾಗುವ ಜೋಡಣೆಯಲ್ಲೇ ಅವೂ ಶುರುವಾಗಲಿ. ಲೈನ್‌ಬ್ಯಾಕರ್ ಬಿಟ್ಟ ಜಾಗಕ್ಕೆ ಒಂದು ಓರೆ ಓಟ. ದಾರಿ ಬಿಡಿಸುವವನ ಹಾಗೆ ನಟಿಸಿ ತಟ್ಟನೆ ಜಾರಿಕೊಳ್ಳುವ ಟೈಟ್ ಎಂಡ್‌ಗೆ ಒಂದು ಗಿಡ್ಡ ಎಸೆತ. ನುಗ್ಗಿ ಬರುವವರ ತಲೆಯ ಮೇಲಿಂದ ಓಟಗಾರನಿಗೇ ಕೊಡುವ ಸ್ಕ್ರೀನ್. ದೂರಕ್ಕೆ ಒಂದು. ಮೊದಲಿನ ಮೂರಕ್ಕೂ ಎಸೆಯುವವನ ತೋಳು ಬಲವಾಗಿರಬೇಕಾಗಿಲ್ಲ, ಅವನ ಕೈಯಲ್ಲಿ ಚೆಂಡು ಎರಡು ಕ್ಷಣಕ್ಕಿಂತ ಹೆಚ್ಚು ಇರುವುದೂ ಇಲ್ಲ. ಸುಲಭವಾಗಿ ಗೆಲ್ಲುತ್ತಿರುವ ದಿನವೇ ಇವನ್ನು ಆಡಿಸಿ ನೋಡಿ.

ಒಂದೇ ಥರ ಕಾಣಿಸಿ ಬೇರೆಯಾಗಿ ಬರುವ ಈ ವಿದ್ಯೆ ನಮ್ಮವರಿಗೆ ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಲೆಗ್‌ಸ್ಪಿನ್, ಗೂಗ್ಲಿ ಹಾಕುತ್ತಿದ್ದರು. ನಡುವೆ ಅದೇ ಓಟ, ಅದೇ ತೋಳಿನಲ್ಲಿ ಒಂದು ವೇಗದ ಚೆಂಡು. 1971ರಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಜಾನ್ ಎಡ್ರಿಚ್ ಬ್ಯಾಟು ಇಳಿಸುವ ಮೊದಲೇ ಬೌಲ್ಡ್ ಆದದ್ದು ಅಂಥ ಚೆಂಡಿಗೆ. ಓವರಿಗೆ ಮೂರು ಸಲ ಹಾಕಿದ್ದರೆ ಅದಕ್ಕೆ ಯಾರೂ ಔಟಾಗುತ್ತಿರಲಿಲ್ಲ, ಹಾಕದೇ ಇದ್ದಿದ್ದರೆ ಗೂಗ್ಲಿಗೆ ಬ್ಯಾಟ್ಸ್‌ಮನ್ ಅಷ್ಟು ಹೆದರುತ್ತಿರಲಿಲ್ಲ. 1977ರ ಕೊನೆಯಲ್ಲಿ ಶುರುವಾಗಿ 1978ರ ಹೊಸವರ್ಷದಲ್ಲಿ ಮುಗಿದ ಮೆಲ್ಬರ್ನ್ ಟೆಸ್ಟ್‌ನಲ್ಲಿ ಅವರು ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ ಆರಾರು ವಿಕೆಟ್ ತೆಗೆದರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ಅದು. ಅದೇ ಎಂಸಿಜಿಯಲ್ಲಿ 2026ರಲ್ಲಿ ಎನ್‌ಎಫ್‌ಎಲ್‌ನ ಲೀಗ್ ಪಂದ್ಯ, ಬಾರ್ಕ್ಲಿಯ ಓಟ ಕಂಡ ಆ ರ್‍ಯಾಮ್ಸ್ ತಂಡದ್ದು, ಅಂತ ಘೋಷಿಸಿದ್ದಾರೆ.

ಮೆಲ್ಬರ್ನ್‌ನವರು ಟಿಕೆಟ್ ಸಿಕ್ಕಿದರೆ ಆದಷ್ಟು ಮೇಲಿನ ಸಾಲಿನಲ್ಲೇ ಕೂರಿ. ಚೆಂಡು ಕಾಣದಿದ್ದರೂ ಪರವಾಗಿಲ್ಲ. ಆಟ ಶುರುವಾಗುವ ಮೊದಲು ರಕ್ಷಣಾ ತಂಡದ ಹಿಂದಿನ ಇಬ್ಬರನ್ನು ನೋಡಿ. ಅವರಲ್ಲೊಬ್ಬ ಮೆಲ್ಲಗೆ ಮುಂದೆ ಬಂದರೆ ಪಕ್ಕದಲ್ಲಿರುವವರಿಗೆ ಪಿಸುಗುಟ್ಟಿ, "ಈಗ ಎಸೀತಾರೆ ನೋಡು."